ಡಿಸ್ಕ್ ಇಲ್ಲದ ಕಂಪ್ಯೂಟರುಗಳು: ಮೆಮೊರಿ ಉಳಿಸಬೇಕೋ, ನೆಟ್‌ವರ್ಕ್ ಉಳಿಸಬೇಕೋ?

ಪ್ರಶ್ನೆ: ನಮ್ಮದು ಗಂಗಾವತಿಯ ಒಂದು ಪ್ರೌಢಶಾಲೆ. ಪ್ರಯೋಗಾಲಯದಲ್ಲಿ 24 ಹಳೆಯ ಕಂಪ್ಯೂಟರುಗಳಿವೆ. ಯಾವುದರಲ್ಲೂ ಹಾರ್ಡ್ ಡಿಸ್ಕ್ ಇಲ್ಲ. ಎಲ್ಲವೂ ಒಂದೇ ಸರ್ವರಿನಿಂದ ನೆಟ್‌ವರ್ಕ್ ಮೂಲಕ ಲಿನಕ್ಸ್ ತೆಗೆದುಕೊಂಡು ಶುರುವಾಗುತ್ತವೆ. 18ರಲ್ಲಿ 4 ಜಿಬಿ ಮೆಮೊರಿ ಇದೆ, ಆರರಲ್ಲಿ 2 ಜಿಬಿ ಮಾತ್ರ. ಸರ್ವರಿನಲ್ಲಿ 16 ಜಿಬಿ. ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಡೆಸ್ಕ್‌ಟಾಪ್ ಕಾಣಲು ಹತ್ತು ನಿಮಿಷ ಹಿಡಿಯುತ್ತಿತ್ತು; ತರಗತಿಯ ನಡುವೆಯೂ ನೆಟ್‌ವರ್ಕಿನ ದೀಪಗಳು ಬಿಡುವಿಲ್ಲದೆ ಮಿನುಗುತ್ತಿದ್ದವು. ನೆಟ್‌ವರ್ಕಿನ ಹೊರೆ ಇಳಿಸಬೇಕಾದರೆ 2.6 ಜಿಬಿಯ ಸಿಸ್ಟಂ ಇಮೇಜನ್ನು (ಇಡೀ ಲಿನಕ್ಸನ್ನು ತುಂಬಿಟ್ಟ ಒಂದೇ ಕಡತವನ್ನು) ಪೂರ್ತಿಯಾಗಿ ಪ್ರತಿ ಕಂಪ್ಯೂಟರಿನ ಮೆಮೊರಿಗೇ ನಕಲಿಸಿಕೊಳ್ಳಿ ಎಂದು ಪರಿಚಿತರೊಬ್ಬರು ಹೇಳಿದರು. 4 ಜಿಬಿಯ ಯಂತ್ರಗಳಲ್ಲಿ ಹಾಗೆ ಮಾಡಿದೆವು. ಈಗ ನಕಲು ಮುಗಿಯಲು ಒಂದು ಗಂಟೆ ಹತ್ತು ನಿಮಿಷ ಬೇಕು. ಸಿಪಾಯಿ ಎಂಟೂ ಮುಕ್ಕಾಲಿಗೇ ಬಂದು ಸ್ವಿಚ್ ಹಾಕುತ್ತಾರೆ. ಆಮೇಲೆ ನೆಟ್‌ವರ್ಕ್ ಶಾಂತವಾಗಿರುತ್ತದೆ, ಆದರೆ ಬ್ರೌಸರಿನಲ್ಲಿ ಮೂರನೆಯ ಪುಟ ತೆರೆದರೆ ಕಂಪ್ಯೂಟರ್ ಕಲ್ಲಾಗಿ ಕೂರುತ್ತದೆ. ಮೆಮೊರಿ ಉಳಿಸಲು ಹೋದರೆ ನೆಟ್‌ವರ್ಕ್ ಸಾಯುತ್ತದೆ, ನೆಟ್‌ವರ್ಕ್ ಉಳಿಸಲು ಹೋದರೆ ಮೆಮೊರಿ. ಸರಿಯಾದ ಹದ ಯಾವುದು?

ಉತ್ತರ: ಮಾಸ್ತರೇ, ಮೆಮೊರಿಯ ಮಾತಿಗೆ ಬರುವ ಮೊದಲು ನಿಮ್ಮ ಪತ್ರದಲ್ಲಿರುವ ಎರಡು ಸಮಯಗಳನ್ನು ಲೆಕ್ಕಕ್ಕೆ ಹಚ್ಚೋಣ. ಅವೆರಡೂ ಒಂದೇ ಕಡೆಗೆ ಬೆರಳು ಮಾಡುತ್ತಿವೆ.

2.6 ಜಿಬಿಯ ಇಮೇಜನ್ನು 18 ಯಂತ್ರಗಳಿಗೆ ನಕಲಿಸಿದರೆ ಸರ್ವರಿನಿಂದ ಹೊರಡಬೇಕಾದದ್ದು 46.8 ಜಿಬಿ. ಗಿಗಾಬಿಟ್ ಕೊಂಡಿ ಸೆಕೆಂಡಿಗೆ ಹೆಚ್ಚೆಂದರೆ 125 ಎಂಬಿ ಸಾಗಿಸಬಲ್ಲದು. ನಿಜವಾಗಿ ಕೈಗೆ ಸಿಗುವುದು 110ರ ಆಸುಪಾಸು. ಆ ವೇಗಕ್ಕೆ ಏಳು ನಿಮಿಷ ಸಾಕು. ನಿಮಗೆ ಎಪ್ಪತ್ತು ಹಿಡಿಯುತ್ತಿದೆ. 100 ಮೆಗಾಬಿಟ್ ಕೊಂಡಿಯಲ್ಲಿ ಸೆಕೆಂಡಿಗೆ ಸುಮಾರು 11.5 ಎಂಬಿ ಸಿಗುತ್ತದೆ. ಅದರಿಂದ ಭಾಗಿಸಿ ನೋಡಿ, 68 ನಿಮಿಷ. ನಿಮ್ಮ ಹಳೆಯ ವಿಧಾನವನ್ನೂ ಹೀಗೆಯೇ ಪರೀಕ್ಷಿಸಿ: ಡೆಸ್ಕ್‌ಟಾಪ್ ಕಾಣುವಷ್ಟರಲ್ಲಿ ಒಂದು ಯಂತ್ರ ಇಮೇಜಿನಿಂದ 300 ಎಂಬಿಯಷ್ಟು ಓದುತ್ತದೆ ಎಂದಿಟ್ಟುಕೊಂಡರೆ 24ಕ್ಕೆ 7.2 ಜಿಬಿ. 100 ಮೆಗಾಬಿಟ್ಟಿನಲ್ಲಿ ಅದಕ್ಕೆ ಹತ್ತು ನಿಮಿಷ ಚಿಲ್ಲರೆ, ಗಿಗಾಬಿಟ್ಟಿನಲ್ಲಿ ಒಂದು ನಿಮಿಷದ ಮೇಲೆ ಐದು ಸೆಕೆಂಡು. ವಿಧಾನ ಎರಡು, ಲೆಕ್ಕ ಎರಡು, ಸಿಕ್ಕಿಬಿದ್ದ ಕಳ್ಳ ಒಬ್ಬನೇ. ನಿಮ್ಮ ಸರ್ವರಿನಿಂದ ನೆಟ್‌ವರ್ಕ್ ಸ್ವಿಚ್ಚಿಗೆ (ಎಲ್ಲ ಯಂತ್ರಗಳ ಕೇಬಲುಗಳು ಬಂದು ಕೂಡುವ ಪೆಟ್ಟಿಗೆಗೆ) ಹೋಗುವ ಕೊಂಡಿ 100 ಮೆಗಾಬಿಟ್ಟಿನಲ್ಲಿ ಓಡುತ್ತಿದೆ.

ಸರ್ವರಿನಲ್ಲಿ ಈಥ್‌ಟೂಲ್ ಆದೇಶ ಕೊಟ್ಟು ಸ್ಪೀಡ್ ಎಂಬ ಸಾಲನ್ನು ಓದಿ. 1000 ಇರಬೇಕಾದಲ್ಲಿ 100 ಎಂದಿದ್ದರೆ ಸ್ವಿಚ್ ಹಳೆಯದಿರಬೇಕು, ಇಲ್ಲವೇ ಸರ್ವರಿನ ನೆಟ್‌ವರ್ಕ್ ಕಾರ್ಡ್ ಹಳೆಯದಿರಬೇಕು, ಅದೂ ಅಲ್ಲದಿದ್ದರೆ ಕೇಬಲ್. ನನ್ನ ಗುಮಾನಿ ಕೇಬಲಿನ ಮೇಲೆಯೇ. ಅದರೊಳಗೆ ಹೆಣೆದ ತಂತಿಗಳ ನಾಲ್ಕು ಜೋಡಿ ಇರುತ್ತವೆ. 100 ಮೆಗಾಬಿಟ್ಟಿಗೆ ಎರಡು ಜೋಡಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಬೇಕು. ಒಂದೇ ಒಂದು ತಂತಿ ತುಂಡಾಗಿದ್ದರೂ, ತುದಿಯ ಪ್ಲಗ್ಗಿನಲ್ಲಿ ಒಂದು ಪಿನ್ ಸರಿಯಾಗಿ ಕಚ್ಚದಿದ್ದರೂ ಬಹಳಷ್ಟು ಕಾರ್ಡುಗಳು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ದೀಪ ಉರಿಯುತ್ತಿರುತ್ತದೆ, ಸಂಪರ್ಕವೂ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಅಕ್ಕಿ ಗಿರಣಿಗಳ ಊರಿನವರಾದ ನಿಮಗೆ ಇಲಿಗಳ ಪ್ರತಾಪವನ್ನು ನಾನು ಬಣ್ಣಿಸಬೇಕಾಗಿಲ್ಲ. ಕಾರ್ಖಾನೆಯಲ್ಲೇ ಪ್ಲಗ್ ಕೂರಿಸಿದ ಒಂದು ಹೊಸ ಕ್ಯಾಟ್ 6 ಕೇಬಲ್ ತಂದು ಸರ್ವರ್ ಮತ್ತು ಸ್ವಿಚ್ಚಿನ ನಡುವೆ ಹಾಕಿ. ವಿದ್ಯಾರ್ಥಿಗಳ ಯಂತ್ರಗಳ ಕೊಂಡಿಗಳು 100ರಲ್ಲೇ ಇದ್ದರೂ ಸದ್ಯಕ್ಕೆ ಚಿಂತೆಯಿಲ್ಲ. 24 ಯಂತ್ರಗಳು ಹತ್ತಿರಹತ್ತಿರ 11 ಎಂಬಿಯಂತೆ ಎಳೆದರೂ ಸರ್ವರಿನ ಗಿಗಾಬಿಟ್ ಕೊಂಡಿಯನ್ನು ಪೂರ್ತಿ ತುಂಬಲು ಅಷ್ಟೇ ಸಾಕು.

ಕೇಬಲ್ ಸರಿಹೋದರೆ ಬೆಳಗಿನ ಕಾಯುವಿಕೆ ತಪ್ಪುತ್ತದೆ. ಆದರೆ ತರಗತಿಯ ನಡುವೆ ದೀಪಗಳು ಮಿನುಗುವುದು ಅಷ್ಟರಿಂದ ನಿಲ್ಲುವುದಿಲ್ಲ. ನಿಮ್ಮ ಪ್ರಶ್ನೆಯ ತಿರುಳು ಅಲ್ಲಿದೆ.

ಡಿಸ್ಕ್ ಇರುವ ಕಂಪ್ಯೂಟರಿನಲ್ಲಿ ಮೆಮೊರಿ ಸಾಲದಿದ್ದರೆ ಡಿಸ್ಕ್ ಗರಗರ ಎನ್ನುತ್ತದೆ, ನಮಗೆ ತಿಳಿಯುತ್ತದೆ. ಡಿಸ್ಕ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕೊರತೆ ನೆಟ್‌ವರ್ಕ್ ದಟ್ಟಣೆಯ ವೇಷ ಹಾಕಿಕೊಂಡು ಬರುತ್ತದೆ. ಹೇಗೆಂದು ಹತ್ತಿರದಿಂದ ನೋಡೋಣ. ವಿದ್ಯಾರ್ಥಿಯೊಬ್ಬ ಬ್ರೌಸರ್ ತೆರೆಯುತ್ತಾನೆ. ಬ್ರೌಸರಿನ ಕೋಡ್ ಸರ್ವರಿನ ಇಮೇಜಿನಿಂದ ತುಣುಕು ತುಣುಕಾಗಿ ಬಂದು ಅವನ ಯಂತ್ರದ ಮೆಮೊರಿಯಲ್ಲಿ ಕೂರುತ್ತದೆ. ಒಮ್ಮೆ ಬಂದದ್ದನ್ನು ಲಿನಕ್ಸ್ ಬಿಸಾಡುವುದಿಲ್ಲ. ಖಾಲಿ ಜಾಗ ಇರುವವರೆಗೆ ಕ್ಯಾಶ್ ಎಂದು ಇಟ್ಟುಕೊಂಡಿರುತ್ತದೆ. ಎರಡನೆಯ ಸಲ ಬ್ರೌಸರ್ ತೆರೆದರೆ ನೆಟ್‌ವರ್ಕಿನ ಸಂಗವೇ ಇಲ್ಲ. ಈಗ ಅವನು ನಾಲ್ಕು ಪುಟ ತೆರೆದ, ಮೆಮೊರಿ ತುಂಬಿತು. ಲಿನಕ್ಸಿನ ತಿರುಳಾದ ಕರ್ನಲ್ ಜಾಗಕ್ಕಾಗಿ ಹುಡುಕುತ್ತದೆ. ಪುಟಗಳ ಮಾಹಿತಿಯನ್ನು ಎಸೆಯುವಂತಿಲ್ಲ, ಅದರ ಮೂಲಪ್ರತಿ ಬೇರೆಲ್ಲೂ ಇಲ್ಲ. ಕೋಡ್ ಹಾಗಲ್ಲ, ಸರ್ವರಿನಲ್ಲಿ ಮೂಲ ಇದ್ದೇ ಇದೆ. ಹಾಗಾಗಿ ಕೋಡನ್ನು ಎಸೆಯುತ್ತದೆ. ಮರುಕ್ಷಣವೇ ಬ್ರೌಸರಿಗೆ ಆ ಕೋಡ್ ಬೇಕು. ಮತ್ತೆ ಸರ್ವರಿಗೆ ಹೋಗಿ ತರುತ್ತದೆ. ಅದನ್ನು ಇಡಲು ಇನ್ನೊಂದು ತುಣುಕನ್ನು ಎಸೆಯುತ್ತದೆ. ಹುಡುಗ ಏನನ್ನೂ ಡೌನ್‌ಲೋಡ್ ಮಾಡುತ್ತಿಲ್ಲ, ಸುಮ್ಮನೆ ಪರದೆ ನೋಡುತ್ತಿದ್ದಾನೆ. ಕೊಂಡಿ ಮಾತ್ರ ತುಂಬಿ ತುಳುಕುತ್ತಿದೆ. ನೀವು ನೋಡಿದ ಮಿನುಗುವ ದೀಪಗಳು ಇವೇ.

ಆದ್ದರಿಂದ ಮೆಮೊರಿ ಬೇರೆ, ನೆಟ್‌ವರ್ಕ್ ಬೇರೆ ಎಂದು ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಟ್ಟು ನೋಡುವುದನ್ನು ಬಿಡಿ. ಖಾಲಿ ಇರುವ ಮೆಮೊರಿಯೇ ನೆಟ್‌ವರ್ಕನ್ನು ಕಾಯುವುದು. ಯಾವ ಉಪಾಯ ಮೆಮೊರಿಯನ್ನು ನುಂಗಿ ನೆಟ್‌ವರ್ಕ್ ಉಳಿಸುತ್ತೇನೆ ಎನ್ನುತ್ತದೋ ಅದನ್ನು ಎರಡು ಸಲ ಯೋಚಿಸಿ ಒಪ್ಪಬೇಕು.

ಇದು ಹಳೆಯ ವಿದ್ಯೆ. 1980ರ ದಶಕದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಡಿಸ್ಕ್ ಇಲ್ಲದ ವರ್ಕ್‌ಸ್ಟೇಷನ್‌ಗಳನ್ನು ಮಾರುತ್ತಿದ್ದಾಗ ಅವು 10 ಮೆಗಾಬಿಟ್ ಈಥರ್ನೆಟ್ಟಿನ ಮೇಲೆ ಕೆಲಸ ಮಾಡುತ್ತಿದ್ದವು. ಸರ್ವರಿನ ಕಡತಗಳನ್ನು ನೆಟ್‌ವರ್ಕ್ ಮೂಲಕ ಓದಲು ನಾವು ಇಂದಿಗೂ ಬಳಸುವ ಎನ್‌ಎಫ್‌ಎಸ್ ಆ ಕಾಲದಲ್ಲಿ ಆ ಕಂಪನಿಯಿಂದಲೇ ಬಂದದ್ದು. ಅದೇ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಔಸ್ಟರ್‌ಹೌಟ್ ಅವರ ತಂಡ ಸ್ಪ್ರೈಟ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟಿತು. ಅದರಲ್ಲಿ ಕಡತಗಳ ಕ್ಯಾಶ್ ಮತ್ತು ಪ್ರೋಗ್ರಾಂಗಳ ಮೆಮೊರಿ ಪರಸ್ಪರ ಚೌಕಾಸಿ ಮಾಡಿ, ಯಾರ ಪುಟಗಳು (ಬ್ರೌಸರಿನವಲ್ಲ, ಮೆಮೊರಿಯ ಸಣ್ಣ ತುಣುಕುಗಳು) ಹೆಚ್ಚು ಹೊತ್ತು ಬಳಕೆಯಾಗದೆ ಬಿದ್ದಿವೆಯೋ ಅವರಿಂದ ಜಾಗ ಕಿತ್ತುಕೊಳ್ಳುತ್ತಿದ್ದವು. ಗಡಿರೇಖೆ ಗಳಿಗೆಗಳಿಗೆಗೂ ಸರಿಯುತ್ತಿತ್ತು. ಇಂದಿನ ಲಿನಕ್ಸ್ ಮಾಡುವುದೂ ಸ್ಥೂಲವಾಗಿ ಇದನ್ನೇ. ಆ ಗಡಿ ಸರಿಯದಂತೆ ನಾವೇ ಕಲ್ಲು ನೆಟ್ಟರೆ ಏನಾಗುತ್ತದೆ ಎಂಬುದಕ್ಕೆ ನಿಮ್ಮ 18 ಯಂತ್ರಗಳು ಸಾಕ್ಷಿ.

ಇಮೇಜನ್ನು ಪೂರ್ತಿ ನಕಲಿಸಿದಾಗ ಅದು ಟಿಎಂಪಿಎಫ್‌ಎಸ್ ಎಂಬ, ಮೆಮೊರಿಯಲ್ಲೇ ಇರುವ ಕಡತವ್ಯವಸ್ಥೆಯಲ್ಲಿ ಕೂರುತ್ತದೆ. ಅದರಲ್ಲಿರುವುದನ್ನು ಕರ್ನಲ್ ಎಸೆಯುವಂತಿಲ್ಲ. ಸರ್ವರಿನಲ್ಲಿ ಅದರ ಮೂಲ ಇದೆ ಎಂಬುದೂ ಅದಕ್ಕೆ ಗೊತ್ತಿಲ್ಲ. 4 ಜಿಬಿಯಲ್ಲಿ 2.6 ಹೋಯಿತು. ಇಮೇಜಿನೊಳಗೆ ಕನ್ನಡ ಟೈಪಿಂಗ್ ಇದೆ, ಪ್ರಿಂಟರ್ ಡ್ರೈವರುಗಳಿವೆ, ಯಾರೂ ತೆರೆಯದ ನೂರೆಂಟು ಭಾಷೆಗಳ ಸಹಾಯಪುಟಗಳಿವೆ. ಎಲ್ಲಕ್ಕೂ ಸಮಾನ ಗೌರವದಿಂದ ಕಾಯಂ ಕುರ್ಚಿ. ಇಷ್ಟು ಸಾಲದೆಂಬಂತೆ, ಸಂಕುಚಿತ ರೂಪದಲ್ಲಿರುವ ಈ ಇಮೇಜಿನಿಂದ ಬ್ರೌಸರ್ ಓದಿದ ಭಾಗ ಬಿಚ್ಚಿಕೊಂಡು ಇನ್ನೊಮ್ಮೆ ಕ್ಯಾಶಿನಲ್ಲಿ ಕೂರುತ್ತದೆ. ಒಂದೇ ವಸ್ತುವಿಗೆ ಎರಡು ಜಾಗ. ಉಳಿದ 1.4 ಜಿಬಿಯಲ್ಲಿ ಡೆಸ್ಕ್‌ಟಾಪ್ ಮತ್ತು ಬ್ರೌಸರ್ ಬದುಕಬೇಕು. ಮೂರನೆಯ ಪುಟಕ್ಕೆ ಕಲ್ಲಾಗುವುದರಲ್ಲಿ ಆಶ್ಚರ್ಯವೇನಿದೆ?

ಒಂದು ಎಚ್ಚರಿಕೆ. ಫ್ರೀ ಆದೇಶ ಕೊಟ್ಟಾಗ ಬಫ್-ಕ್ಯಾಶ್ ಎಂಬ ಕಾಲಮಿನಲ್ಲಿ ದೊಡ್ಡ ಅಂಕಿ ಕಂಡು ಬಹಳ ಮಂದಿ ನೆಮ್ಮದಿಯಿಂದ ನಿಟ್ಟುಸಿರು ಬಿಡುತ್ತಾರೆ: ಕ್ಯಾಶ್ ಅಲ್ಲವೇ, ಬೇಕೆಂದಾಗ ಖಾಲಿಯಾಗುತ್ತದೆ ಎಂದು. ಟಿಎಂಪಿಎಫ್‌ಎಸ್‌ನಲ್ಲಿ ಕೂತದ್ದೂ ಅದೇ ಕಾಲಮಿನಲ್ಲಿ ಸೇರಿರುತ್ತದೆ. ಶೇರ್ಡ್ ಎಂಬ ಕಾಲಮನ್ನು ನೋಡಿದರೆ ಅದರ ಪಾಲು ಬೇರೆಯಾಗಿ ಕಾಣುತ್ತದೆ. ನಂಬಬೇಕಾದದ್ದು ಅವೈಲಬಲ್ ಎಂಬ ಕಾಲಮನ್ನು.

ಹಾಗಾದರೆ ಹಿಂದಿನ ವಿಧಾನಕ್ಕೇ ಹೋಗಿ. ಡಿಸ್ಕ್ ಇಲ್ಲದ ಪ್ರಯೋಗಾಲಯಗಳಿಗೆಂದೇ ಇರುವ ಎಲ್‌ಟಿಎಸ್‌ಪಿ ತಂತ್ರಾಂಶವನ್ನು ಬಳಸುತ್ತಿದ್ದರೆ ಅದು ತಾನಾಗಿಯೇ ಮಾಡುವುದು ಇದನ್ನೇ: ಸ್ಕ್ವಾಶ್‌ಎಫ್‌ಎಸ್ ಎಂಬ ಸಂಕುಚಿತ ರೂಪದ ಇಮೇಜ್ ಸರ್ವರಿನಲ್ಲೇ ಇರುತ್ತದೆ, ಯಂತ್ರಗಳು ಎನ್‌ಎಫ್‌ಎಸ್ ಮೂಲಕ ಬೇಕಾದ ತುಣುಕನ್ನು ಮಾತ್ರ ತರಿಸಿಕೊಳ್ಳುತ್ತವೆ, ಬರೆಯುವುದೆಲ್ಲ ಓವರ್‌ಲೇ ಎಂಬ ಪದರದ ಮೂಲಕ ಟಿಎಂಪಿಎಫ್‌ಎಸ್‌ಗೆ ಹೋಗುತ್ತದೆ. ಈ ವ್ಯವಸ್ಥೆಯಲ್ಲಿ ಇಮೇಜ್ 2.6 ಜಿಬಿ ಇದ್ದರೇನು, ಐದು ಇದ್ದರೇನು? ಯಾರೂ ಓದದ ಭಾಗ ನೆಟ್‌ವರ್ಕಿಗೆ ಇಳಿಯುವುದೇ ಇಲ್ಲ. ಇಮೇಜನ್ನು ತೆಳ್ಳಗೆ ಮಾಡಲು ದಿನಗಟ್ಟಲೆ ಪ್ಯಾಕೇಜುಗಳನ್ನು ಕಿತ್ತುಹಾಕುತ್ತಾ ಕೂರುವವರನ್ನು ಕಂಡಿದ್ದೇನೆ. ಆ ಶ್ರಮವನ್ನು ಶುರುವಿನಲ್ಲಿ ತಾನಾಗಿ ಓಡುವ ಸೇವೆಗಳನ್ನು ನಿಲ್ಲಿಸಲು ಹಾಕಿದ್ದರೆ ಫಲ ಸಿಗುತ್ತಿತ್ತು.

ಈಗ ನಾನು ಅತಿ ಮುಖ್ಯವೆಂದು ಭಾವಿಸುವ ತಿರುಪಿಗೆ ಬರೋಣ. ಮೆಮೊರಿ ತುಂಬಿದಾಗ ಕರ್ನಲ್‌ಗೆ ಎರಡು ದಾರಿ: ಕೋಡಿನ ಕ್ಯಾಶನ್ನು ಎಸೆಯುವುದು, ಅಥವಾ ಪ್ರೋಗ್ರಾಂಗಳ ಮಾಹಿತಿಯನ್ನು ಸ್ವ್ಯಾಪ್ ಎಂಬ, ಸಾಮಾನ್ಯವಾಗಿ ಡಿಸ್ಕಿನಲ್ಲಿರುವ ತಾತ್ಕಾಲಿಕ ಜಾಗಕ್ಕೆ ಸರಿಸುವುದು. ಡಿಸ್ಕ್ ಇಲ್ಲದ್ದರಿಂದ ನಿಮ್ಮಲ್ಲಿ ಸ್ವ್ಯಾಪ್ ಇಲ್ಲ, ಹಾಗಾಗಿ ಎರಡನೆಯ ದಾರಿ ಮುಚ್ಚಿದೆ. ಎಲ್ಲ ಹೊಡೆತವೂ ಕೋಡಿನ ಕ್ಯಾಶಿನ ಮೇಲೆ, ಅಂದರೆ ನೆಟ್‌ವರ್ಕಿನ ಮೇಲೆ. ಸ್ವ್ಯಾಪನ್ನು ನೆಟ್‌ವರ್ಕಿನಾಚೆ ಸರ್ವರಿನಲ್ಲಿ ಇಡುವ ಪದ್ಧತಿಯೂ ಉಂಟು. ನಾನು ಶಿಫಾರಸು ಮಾಡುವುದಿಲ್ಲ. 24 ಯಂತ್ರಗಳು ಒಟ್ಟಿಗೆ ಮೆಮೊರಿಯ ಕಸವನ್ನು ಕೊಂಡಿಯ ಮೇಲೆ ಸುರಿದರೆ ಪಾಠ ಅಲ್ಲಿಗೆ ಮುಗಿಯಿತು.

ಇದಕ್ಕೆ ಜಡ್‌ರ‍್ಯಾಮ್ ಮದ್ದು. ಇದು ಮೆಮೊರಿಯ ಒಂದು ಭಾಗವನ್ನೇ ಸ್ವ್ಯಾಪ್ ಎಂದು ತೋರಿಸುತ್ತದೆ, ಒಳಗೆ ಬಂದದ್ದನ್ನು ಹಿಂಡಿ ಇಡುತ್ತದೆ. 2014ರಲ್ಲಿ ಕರ್ನಲ್ 3.14ರಿಂದ ಪಕ್ಕಾ ಭಾಗವಾಗಿ ಸೇರಿದೆ, ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ಸಾಮಾನ್ಯ ಪ್ರೋಗ್ರಾಂಗಳ ಮಾಹಿತಿ ಎರಡರಿಂದ ಮೂರು ಪಟ್ಟು ಹಿಂಡುತ್ತದೆ. ಹಿಂದೆ ಬಿಟ್ಟ ಬ್ರೌಸರ್ ಪುಟದ 600 ಎಂಬಿ, 250ರ ಆಸುಪಾಸಿಗೆ ಇಳಿದರೆ ಉಳಿದ ಜಾಗ ಕೋಡಿನ ಕ್ಯಾಶಿಗೆ ಸಿಗುತ್ತದೆ. 4 ಜಿಬಿಯ ಯಂತ್ರಕ್ಕೆ 2 ಜಿಬಿಯ ಜಡ್‌ರ‍್ಯಾಮ್ ಕೊಡಿ. ಅದು ಅಷ್ಟನ್ನು ಮೊದಲೇ ಹಿಡಿದಿಟ್ಟುಕೊಳ್ಳುವುದಿಲ್ಲ, ತುಂಬಿದಂತೆ ಬೆಳೆಯುತ್ತದೆ. ಹಳೆಯ ಪ್ರೊಸೆಸರುಗಳಾದ್ದರಿಂದ ಹಿಂಡುವ ವಿಧಾನವಾಗಿ ಎಲ್‌ಜಡ್4 ಆಯ್ದುಕೊಳ್ಳಿ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕೆಲಸ. ಕರ್ನಲ್‌ನಲ್ಲಿ ಸ್ವ್ಯಾಪಿನೆಸ್ ಎಂಬ ಒಂದು ಅಂಕಿ ಇದೆ, ಸಾಮಾನ್ಯವಾಗಿ 60. ಕ್ಯಾಶ್ ಎಸೆಯುವುದು ಅಗ್ಗ, ಸ್ವ್ಯಾಪ್ ಮಾಡುವುದು ದುಬಾರಿ ಎಂಬ ನಂಬಿಕೆಯ ಅಂಕಿ ಅದು. ಸ್ವ್ಯಾಪ್ ನಿಧಾನದ ಡಿಸ್ಕಿನಲ್ಲಿದ್ದ ಕಾಲಕ್ಕೆ ಸರಿಯೇ. ನಿಮ್ಮಲ್ಲಿ ಲೆಕ್ಕ ತಲೆಕೆಳಗು: ಸ್ವ್ಯಾಪ್ ಮೆಮೊರಿಯಲ್ಲೇ ಇದೆ, ಕ್ಯಾಶ್ ಎಸೆದರೆ ಅದನ್ನು ಮತ್ತೆ ತರಲು ನೆಟ್‌ವರ್ಕ್ ದಾಟಬೇಕು. 2020ರಲ್ಲಿ ಬಂದ ಕರ್ನಲ್ 5.8ರಿಂದ ಈಚೆಗೆ ಈ ಅಂಕಿಯನ್ನು 200ರವರೆಗೆ ಏರಿಸಬಹುದು. 100 ಎಂದರೆ ಎರಡರ ಬೆಲೆಯೂ ಸಮ. ಅದಕ್ಕಿಂತ ಮೇಲಿದ್ದರೆ ಸ್ವ್ಯಾಪ್ ಅಗ್ಗ ಎಂದು ಹೇಳಿದಂತೆ. 150ರಿಂದ ಶುರುಮಾಡಿ. ಒಂದೇ ಸಾಲಿನ ಬದಲಾವಣೆ, ಅದನ್ನೂ ಇಮೇಜಿನೊಳಗೆ ಒಂದೇ ಕಡೆ ಮಾಡಿದರೆ 24 ಯಂತ್ರಗಳಿಗೂ ಆಯಿತು. ಡಿಸ್ಕ್ ಇಲ್ಲದ ವ್ಯವಸ್ಥೆಯ ಬಗ್ಗೆ ಬರೆಯುವವರು ಜಡ್‌ರ‍್ಯಾಮ್ ಹೇಳುತ್ತಾರೆ, ಈ ಅಂಕಿಯನ್ನು ಮರೆಯುತ್ತಾರೆ. ನೀವು ಕೇಳಿದ ಹದ ಎಂಬುದು ಕರ್ನಲ್‌ನೊಳಗೆ ಎಲ್ಲಾದರೂ ಅಂಕಿಯ ರೂಪದಲ್ಲಿ ಇದೆ ಎಂದಾದರೆ ಅದು ಇದೇ.

ಮುಂದೆ ಬರೆಯುವ ಪದರ. ಓವರ್‌ಲೇಗೆ ಬರೆದ ಪ್ರತಿ ಬೈಟೂ ಮೆಮೊರಿಯಿಂದಲೇ ಕಡಿತ. ಸುಮ್ಮನೆ ಬಿಟ್ಟ ಇಮೇಜಿನಲ್ಲಿ ಏನೇನು ಬರೆಯುತ್ತಿರುತ್ತದೆ ಎಂದು ನೋಡಿದರೆ ಕಣ್ಣು ಬಿಡುತ್ತೀರಿ. ನಂಬರ್ ಒಂದು ಅಪರಾಧಿ ತಾನಾಗಿ ನಡೆಯುವ ಅಪ್‌ಡೇಟ್. ಉಬುಂಟು ಮೂಲದ ಇಮೇಜಾದರೆ ಆಪ್ಟ್ ಡೈಲಿ ಎಂಬ ಟೈಮರ್ ಸಮಯ ಸಿಕ್ಕಾಗ ಎದ್ದು ಪ್ಯಾಕೇಜು ಪಟ್ಟಿಗಳನ್ನು ಇಳಿಸಿಕೊಳ್ಳುತ್ತದೆ, ಕೆಲವು ಸಲ ಪ್ಯಾಕೇಜುಗಳನ್ನೇ ಅಳವಡಿಸಲು ಹೊರಡುತ್ತದೆ. 24 ಯಂತ್ರಗಳು ಶಾಲೆಯ ಬಡಪಾಯಿ ಇಂಟರ್‌ನೆಟ್ಟಿನ ಮೂಲಕ ಒಂದೇ ಅಪ್‌ಡೇಟನ್ನು 24 ಸಲ ತಂದು ಮೆಮೊರಿಯಲ್ಲಿ ಹಾಸಿಕೊಳ್ಳುತ್ತವೆ. ಸಂಜೆ ಸ್ವಿಚ್ ಆರಿಸಿದರೆ ಎಲ್ಲವೂ ಮಾಯ. ನಾಳೆ ಮತ್ತೆ ಮೊದಲಿನಿಂದ. ಮೆಮೊರಿಯನ್ನೂ ನೆಟ್‌ವರ್ಕನ್ನೂ ಒಟ್ಟಿಗೆ ಹಾಳುಮಾಡುವ ಇಂಥ ಇನ್ನೊಂದು ವಸ್ತುವನ್ನು ಬೇಕೆಂದೇ ಕಂಡುಹಿಡಿಯಲೂ ಸಾಧ್ಯವಿಲ್ಲ. ಇಮೇಜಿನಲ್ಲಿ ಆ ಟೈಮರುಗಳನ್ನು ನಿಲ್ಲಿಸಿ. ಅಪ್‌ಡೇಟ್ ತಿಂಗಳಿಗೊಮ್ಮೆ ನೀವೇ ಸರ್ವರಿನಲ್ಲಿ ಮಾಡಿ ಹೊಸ ಇಮೇಜ್ ಕಟ್ಟಿ.

ಅದರ ತಮ್ಮ, ಕಡತಗಳ ಪಟ್ಟಿ ಮಾಡುವ ಪ್ರೋಗ್ರಾಂಗಳು. ಹುಡುಕಾಟ ಬೇಗ ಆಗಲೆಂದು ಇವು ಇಡೀ ಇಮೇಜಿನ ಮೂಲೆಮೂಲೆಗೆ ಹೋಗಿ ಬರುತ್ತವೆ. ಡಿಸ್ಕ್ ಇದ್ದಲ್ಲಿ ಅದು ಸಣ್ಣ ಕೆಲಸ. ಇಲ್ಲಿ ಪ್ರತಿ ಹೆಜ್ಜೆಯೂ ನೆಟ್‌ವರ್ಕಿನ ಮೇಲೆ, ಜೊತೆಗೆ ಬೇಕಾದ ಕೋಡನ್ನು ಕ್ಯಾಶಿನಿಂದ ಹೊರದಬ್ಬಿ ಬೇಡದ್ದನ್ನು ತುಂಬುವ ಕೆಲಸ. ಯಂತ್ರ ಶುರುವಾದ ಹತ್ತು ಹದಿನೈದು ನಿಮಿಷಕ್ಕೆ ಎಲ್ಲ ಯಂತ್ರಗಳೂ ಒಟ್ಟಿಗೆ ಮಂಕಾಗುತ್ತವೆ ಎಂದಾದರೆ ಇದನ್ನೇ ಮೊದಲು ನೋಡಿ. ಬ್ಲೂಟೂತ್, ಪ್ರಿಂಟರ್ ಹುಡುಕುವ ಸೇವೆಗಳನ್ನು ನಿಲ್ಲಿಸುವುದು, ಸಿಸ್ಟಂ ದಿನಚರಿಯಾದ ಜರ್ನಲ್‌ಗೆ ಮಿತಿ ಹಾಕುವುದು ಇವನ್ನೆಲ್ಲ ಅದೇ ಕೂತಲ್ಲಿ ಮುಗಿಸಿಬಿಡಿ. ಬರೆಯುವ ಪದರದ ಟಿಎಂಪಿಎಫ್‌ಎಸ್‌ಗೆ ಗಾತ್ರದ ಮಿತಿ ಹೇಳದಿದ್ದರೆ ಅದು ಒಟ್ಟು ಮೆಮೊರಿಯ ಅರ್ಧದವರೆಗೆ ಬೆಳೆಯಬಹುದು. 4 ಜಿಬಿಯ ಯಂತ್ರದಲ್ಲಿ 400 ಎಂಬಿ ಎಂದು ಕಟ್ಟಿಹಾಕಿ. ಮಿತಿ ತುಂಬಿದರೆ ಜಾಗ ಇಲ್ಲ ಎಂಬ ಸಂದೇಶ ಬರುತ್ತದೆ. ಬರಲಿ. ಯಂತ್ರವೇ ಕಲ್ಲಾಗುವುದಕ್ಕಿಂತ ಅದು ಎಷ್ಟೋ ವಾಸಿ.

ವಿದ್ಯಾರ್ಥಿಗಳ ಹೋಮ್ ಕಡತಕೋಶ ಸರ್ವರಿನಲ್ಲೇ ಇರಲಿ. ಮಕ್ಕಳು ಮಾಡಿದ ಕೆಲಸ ಉಳಿಯುತ್ತದೆ, ಒಬ್ಬ 700 ಎಂಬಿಯ ವಿಡಿಯೊ ಇಳಿಸಿಕೊಂಡರೆ ಅದು ಅವನ ಯಂತ್ರದ ಮೆಮೊರಿಯನ್ನು ಕಾಯಂ ಆಗಿ ನುಂಗುವುದಿಲ್ಲ. ಆದರೆ ಬ್ರೌಸರಿನ ಕ್ಯಾಶನ್ನು ಮಾತ್ರ ಹೋಮಿನಲ್ಲಿ ಬಿಡಬೇಡಿ. ಬಿಟ್ಟರೆ ಇಂಟರ್‌ನೆಟ್ಟಿನಿಂದ ಬಂದ ಒಂದು ಚಿತ್ರ ಯಂತ್ರಕ್ಕೆ ಬಂದು, ಅಲ್ಲಿಂದ ಕೊಂಡಿ ಹಿಡಿದು ಸರ್ವರಿಗೆ ಹೋಗಿ, ಬೇಕಾದಾಗ ಮತ್ತೆ ಬರುತ್ತದೆ. ಫೈರ್‌ಫಾಕ್ಸಿನಲ್ಲಿ ಡಿಸ್ಕ್ ಕ್ಯಾಶನ್ನು ಆರಿಸಿ ಮೆಮೊರಿ ಕ್ಯಾಶಿಗೆ 60-70 ಎಂಬಿಯ ಮಿತಿ ಹಾಕಿದರೆ ಸಾಕು. ಕ್ರೋಮಿಯಂನಲ್ಲಿ ಕ್ಯಾಶಿನ ಜಾಗವನ್ನು ಟಿಎಂಪಿಎಫ್‌ಎಸ್‌ಗೆ ತಿರುಗಿಸಿ, ಗಾತ್ರಕ್ಕೆ ಮಿತಿ ಹಾಕಬಹುದು. ಇಡೀ ತರಗತಿ ಒಂದೇ ಕನ್ನಡ ವಿಕಿಪೀಡಿಯ ಪುಟ ಓದಬೇಕಾದ ಪಾಠಗಳಿಗೆ ಕಿವಿಕ್ಸ್ ಬಳಸಿ ವಿಕಿಪೀಡಿಯವನ್ನೇ ಸರ್ವರಿನಲ್ಲಿ ಇಟ್ಟುಕೊಂಡರೆ ಇಂಟರ್‌ನೆಟ್ಟಿನ ಹಂಗೂ ಇರುವುದಿಲ್ಲ.

ಇಮೇಜ್ ಕಟ್ಟುವಾಗ ಹಿಂಡುವ ವಿಧಾನದ ಆಯ್ಕೆ ಬರುತ್ತದೆ. ಎಕ್ಸ್‌ಜಡ್ ಹೆಚ್ಚು ಹಿಂಡುತ್ತದೆ, ನೆಟ್‌ವರ್ಕಿಗೆ ಲಾಭ. ಆದರೆ ಬಿಚ್ಚುವುದು ನಿಧಾನ, ನಿಮ್ಮ ಹಳೆಯ ಪ್ರೊಸೆಸರುಗಳು ಬೆವರುತ್ತವೆ. ಗಿಗಾಬಿಟ್ ಸರಿಯಾದ ಮೇಲೆ ಜಡ್‌ಸ್ಟ್ಯಾಂಡರ್ಡ್ ಒಳ್ಳೆಯದು. ಸ್ಕ್ವಾಶ್‌ಎಫ್‌ಎಸ್‌ನಲ್ಲಿ 2017ರ ಕರ್ನಲ್ 4.14ರಿಂದ ಅದಕ್ಕೆ ಬೆಂಬಲವಿದೆ. ಇಮೇಜನ್ನು ಹಿಂಡುವ ತುಣುಕಿನ, ಅಂದರೆ ಬ್ಲಾಕಿನ ಗಾತ್ರವನ್ನು 1 ಎಂಬಿಗೆ ಏರಿಸಿದರೆ ಇಮೇಜ್ ಚಿಕ್ಕದಾಗುತ್ತದೆ ಎಂದು ಕೆಲವರು ಆಸೆಪಡುತ್ತಾರೆ. 4 ಕೆಬಿಯ ಒಂದು ಪುಟ ಬೇಕಾದಾಗಲೂ ಇಡೀ ಬ್ಲಾಕನ್ನು ತಂದು ಬಿಚ್ಚಬೇಕಾಗುತ್ತದೆ ಎಂಬುದನ್ನು ಅವರು ಮರೆತಿರುತ್ತಾರೆ. ಮೊದಲೇ ಇರುವ 128 ಕೆಬಿಯನ್ನು ಮುಟ್ಟಬೇಡಿ.

ಸರ್ವರಿನ ಕಡೆ ಹೆಚ್ಚು ಹೇಳುವುದಿಲ್ಲ. 16 ಜಿಬಿಯಲ್ಲಿ 2.6 ಜಿಬಿಯ ಇಮೇಜ್ ಮೊದಲ ಯಂತ್ರಗಳು ಓದುವಾಗಲೇ ಸರ್ವರಿನ ಸ್ವಂತ ಕ್ಯಾಶಿಗೆ ಬಂದುಬಿಡುತ್ತದೆ. ಉಳಿದವಕ್ಕೆ ಡಿಸ್ಕ್ ತಿರುಗಬೇಕಾಗಿಲ್ಲ. ಈ ಕೆಲಸಕ್ಕಾಗಿ ಎಸ್‌ಎಸ್‌ಡಿ ಕೊಳ್ಳಿ ಎಂದು ಯಾರಾದರೂ ಹೇಳಿದರೆ ಸದ್ಯಕ್ಕೆ ನಗುತ್ತಾ ತಲೆಯಾಡಿಸಿ. ಕರ್ನಲ್ ಮತ್ತು ಅದರ ಜೊತೆಯ ಆರಂಭಿಕ ಕಡತವನ್ನು ಟಿಎಫ್‌ಟಿಪಿ ಎಂಬ ಹಳೆಯ ಸಾಗಣೆ ವಿಧಾನದ ಬದಲು, ಐಪಿಎಕ್ಸ್‌ಇ ಎಂಬ ಬೂಟ್ ತಂತ್ರಾಂಶದ ಮೂಲಕ ಎಚ್‌ಟಿಟಿಪಿಯಲ್ಲಿ ಕೊಡುವುದು ಮಾತ್ರ ಮಾಡಲೇಬೇಕಾದದ್ದು. ಟಿಎಫ್‌ಟಿಪಿ ಮೂಲ ರೂಪದಲ್ಲಿ 512 ಬೈಟು ಕಳಿಸಿ, ಬಂತು ಎಂಬ ಉತ್ತರಕ್ಕೆ ಕಾದು, ಆಮೇಲೆ ಮುಂದಿನ 512 ಕಳಿಸುತ್ತದೆ. ಮುಂದಿನ ಸಾಲಿನ ಯಂತ್ರಗಳು ಆಗಲೇ ಕೊಂಡಿ ತುಂಬಿಸಿದ್ದರೆ, ತಡವಾಗಿ ಸ್ವಿಚ್ ಹಾಕಿದ ಹಿಂದಿನ ಸಾಲಿನದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನ ರೈತನಂತೆ ಕಾದು ಕಾದು ಕೈಚೆಲ್ಲುತ್ತದೆ.

ವಿದ್ಯುತ್ತಿನ ಬಗ್ಗೆ ಒಂದು ಮಾತು, ನೀವು ಕೇಳದಿದ್ದರೂ. ಸರ್ವರಿಗೆ ಯುಪಿಎಸ್ ಇದ್ದರೆ ಸಾಲದು, ನೆಟ್‌ವರ್ಕ್ ಸ್ವಿಚ್ಚಿಗೂ ಇರಲಿ. ವಿದ್ಯಾರ್ಥಿ ಯಂತ್ರಗಳು ಇನ್ವರ್ಟರಿನ ಮೇಲೆ ಬದುಕಿದ್ದು ಸ್ವಿಚ್ ಮಾತ್ರ ಆರಿಹೋದರೆ ಎಲ್ಲವೂ ಇದ್ದಲ್ಲೇ ನಿಲ್ಲುತ್ತವೆ. ಎನ್‌ಎಫ್‌ಎಸ್ ಹಾರ್ಡ್ ಮೌಂಟ್ (ಸರ್ವರಿನ ಉತ್ತರ ಬರುವವರೆಗೂ ಬಿಡದೆ ಕಾಯುವ ಬಗೆ) ಆಗಿದ್ದರೆ ಗಾಬರಿಬಿದ್ದು ಯಂತ್ರಗಳನ್ನು ಆರಿಸಬೇಡಿ: ಸಂಪರ್ಕ ಮರಳಿದೊಡನೆ ನಿಂತಲ್ಲಿಂದಲೇ ಮುಂದುವರಿಯುತ್ತವೆ. ಇದೇ ಸಂದರ್ಭದಲ್ಲಿ ಒಂದನ್ನು ಒಪ್ಪಿಕೊಳ್ಳಬೇಕು, ಧೂಳು ಮತ್ತು ನಲವತ್ತು ದಾಟುವ ಬಿಸಿಲಿನ ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರಿಗೆ ಡಿಸ್ಕ್ ಇಲ್ಲದ ಪ್ರಯೋಗಾಲಯ ಹೇಳಿಮಾಡಿಸಿದ್ದು. 24 ಡಿಸ್ಕುಗಳನ್ನು ಕಾಯುವುದಕ್ಕಿಂತ ಒಂದನ್ನು ಕಾಯುವುದು ಸುಲಭ.

ನಕಲಿಸುವ ಉಪಾಯ ಯಾವಾಗಲೂ ತಪ್ಪೆಂದು ನಾನು ಹೇಳುತ್ತಿಲ್ಲ. 8 ಜಿಬಿ ಮೆಮೊರಿ, ಒಂದು ಜಿಬಿಯೊಳಗಿನ ಇಮೇಜ್, ಪರೀಕ್ಷೆಯ ದಿನ ಸರ್ವರ್ ಕೈಕೊಟ್ಟರೂ ಯಂತ್ರಗಳು ನಡೆಯಲೇಬೇಕು ಎಂಬ ಷರತ್ತು: ಇಂಥಲ್ಲಿ ಕಣ್ಣುಮುಚ್ಚಿ ನಕಲಿಸಿ. ನಿಮ್ಮ ಸ್ಥಿತಿಗೆ ಅದರ ಸೌಮ್ಯ ರೂಪವೊಂದಿದೆ. ಡೆಸ್ಕ್‌ಟಾಪ್ ಬಂದ ಒಂದೆರಡು ನಿಮಿಷದ ಮೇಲೆ, ಬ್ರೌಸರ್ ಮತ್ತು ಲಿಬ್ರೆಆಫೀಸಿನ ದೊಡ್ಡ ಲೈಬ್ರರಿ ಕಡತಗಳನ್ನು ಸುಮ್ಮನೆ ಒಮ್ಮೆ ಓದಿ ಬಿಸಾಡುವ ಒಂದು ಪುಟ್ಟ ಸ್ಕ್ರಿಪ್ಟ್ ಬರೆಯಿರಿ. ವಿಎಂಟಚ್ ಎಂಬ ಉಪಕರಣವೂ ಇದನ್ನೇ ಮಾಡುತ್ತದೆ. ಓದಿದ್ದು ಕ್ಯಾಶಿನಲ್ಲಿ ಕೂರುತ್ತದೆ, ಮಕ್ಕಳು ಕ್ಲಿಕ್ ಮಾಡಿದಾಗ ಬ್ರೌಸರ್ ಥಟ್ಟನೆ ತೆರೆಯುತ್ತದೆ. ಜಾಗ ಬೇಕಾದರೆ ಕರ್ನಲ್ ಅದನ್ನು ಎಸೆಯಲು ಸ್ವತಂತ್ರ. ಟಿಎಂಪಿಎಫ್‌ಎಸ್ ನಕಲಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಈ ಇಷ್ಟರಲ್ಲೇ ಎಲ್ಲವೂ ಇದೆ. ಸ್ಕ್ರಿಪ್ಟ್ ಶುರುವಾಗುವ ಮೊದಲು ಹತ್ತರಿಂದ ತೊಂಬತ್ತು ಸೆಕೆಂಡಿನ ನಡುವೆ ಎಷ್ಟಾದರೂ ಕಾಯುವಂತೆ ಮಾಡಿ, 24 ಯಂತ್ರಗಳು ಒಟ್ಟಿಗೆ ಮುಗಿಬೀಳುವುದಿಲ್ಲ.

ಬದಲಾಯಿಸಿದ್ದು ಫಲ ಕೊಟ್ಟಿತೇ ಎಂದು ಕಣ್ಣಂದಾಜಿನಲ್ಲಿ ಹೇಳಬೇಡಿ. ಒಂದು ಯಂತ್ರದ ಮುಂದೆ ಕುಳಿತು ನಾಲ್ಕು ಪುಟ, ಒಂದು ಕಡತ ತೆರೆದಿಟ್ಟು, ಕೈ ಕಟ್ಟಿ ಕುಳಿತು, ಸಾರ್ ಆದೇಶದಲ್ಲಿ ಮೇಜರ್ ಫಾಲ್ಟ್ ಎಂಬ ಅಂಕಿಯನ್ನು ನೋಡಿ. ಏನೂ ಮಾಡದೆ ಕುಳಿತಾಗ ಅದು ಸೊನ್ನೆಯ ಹತ್ತಿರ ಇರಬೇಕು. ಸೆಕೆಂಡಿಗೆ ನೂರಾರು ಬರುತ್ತಿದ್ದರೆ ಎಸೆದ ಪುಟಗಳು ಮತ್ತೆ ಬರುತ್ತಿವೆ ಎಂದರ್ಥ. ಜಡ್‌ರ‍್ಯಾಮಿನಿಂದ ವಾಪಸು ಬರುವ ಪುಟಗಳೂ ಇದೇ ಅಂಕಿಯಲ್ಲಿ ಸೇರುತ್ತವೆ, ಹಾಗಾಗಿ ಜೊತೆಗೆ ನೆಟ್‌ವರ್ಕ್ ಕಾರ್ಡಿನ ಅಂಕಿಯನ್ನೂ ನೋಡಿ: ಫಾಲ್ಟ್ ಇದೆ, ನೆಟ್‌ವರ್ಕ್ ಸುಮ್ಮನಿದೆ ಎಂದರೆ ಸ್ವ್ಯಾಪಿನೆಸ್ ತನ್ನ ಕೆಲಸ ಮಾಡುತ್ತಿದೆ, ಎರಡೂ ಏರುತ್ತಿವೆ ಎಂದರೆ ಇನ್ನೂ ಮೆಮೊರಿ ಸಾಲದು. ಅಂಥ ಹೊತ್ತಿಗೆಂದು ಅರ್ಲಿಊಮ್ ಎಂಬ ಚಿಕ್ಕ ಸೇವೆಯನ್ನು ಇಮೇಜಿನಲ್ಲಿ ಸೇರಿಸಿ. ಮೆಮೊರಿ ತಳ ಕಾಣುವ ಮೊದಲೇ ಅದು ಹೆಚ್ಚು ಮೆಮೊರಿ ನುಂಗಿದ್ದನ್ನು, ಬಹುಮಟ್ಟಿಗೆ ಬ್ರೌಸರಿನ ಒಂದು ಪುಟವನ್ನು, ಮುಚ್ಚಿ ಯಂತ್ರವನ್ನು ಉಳಿಸುತ್ತದೆ.

ಕೊನೆಗೆ ಉಳಿದವು 2 ಜಿಬಿಯ ಆರು ಯಂತ್ರಗಳು. ಇವುಗಳ ಮೇಲೆ ಯಾವ ತಿರುಪು ತಿರುಗಿಸಿದರೂ ಇಂದಿನ ಬ್ರೌಸರಿಗೆ ಸಾಲದು. ಹಳೆಯ ಡಿಡಿಆರ್3 ಮೆಮೊರಿ ಕಡ್ಡಿಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಶಾಲೆಯವರು ಯಾರಾದರೂ ಆ ಕಡೆ ಹೋಗುವಾಗ ಹಳೆಯ ಕಡ್ಡಿಯೊಂದನ್ನು ಮಾದರಿಗೆ ಕೊಟ್ಟು ಕಳಿಸಿ, ಡೆಸ್ಕ್‌ಟಾಪಿನದೋ ಲ್ಯಾಪ್‌ಟಾಪಿನದೋ ಎಂಬ ಗೊಂದಲ ತಪ್ಪುತ್ತದೆ. ಅದು ಆಗುವವರೆಗೆ ಆ ಆರರಲ್ಲಿ ಬ್ರೌಸರನ್ನು ಸರ್ವರಿನ ಮೇಲೆಯೇ ಓಡಿಸಿ, ಪರದೆಯನ್ನಷ್ಟೇ ಇತ್ತ ಕಳಿಸುವ ದೂರ-ಡೆಸ್ಕ್‌ಟಾಪ್ ವ್ಯವಸ್ಥೆ ಮಾಡಬಹುದು. ತಲಾ ಒಂದು ಜಿಬಿಯಂತೆ ಸರ್ವರಿನ ಆರು ಜಿಬಿ ಹೋದರೂ ಇಮೇಜಿನ ಕ್ಯಾಶಿಗೆ ಧಾರಾಳ ಜಾಗ ಉಳಿಯುತ್ತದೆ. ಅಕ್ಷರ, ಚಿತ್ರಗಳ ಪುಟಕ್ಕೆ ಇದು ಚೆನ್ನಾಗಿ ನಡೆಯುತ್ತದೆ. ವಿಡಿಯೊ ಹಾಕಿದರೆ ಪರದೆಯ ಪ್ರತಿ ಚೌಕಟ್ಟೂ ಕೊಂಡಿಯ ಮೇಲೆ ಸುರಿಯುತ್ತದೆ, ಹಾಗಾಗಿ ವಿಡಿಯೊ ಪಾಠದ ದಿನ ಆ ಆರರಲ್ಲಿ ಕೂರುವವರಿಗೆ ಕನ್ನಡ ಟೈಪಿಂಗ್ ಅಭ್ಯಾಸ ಕೊಡಿ, ಮರುದಿನ ಜಾಗ ಅದಲುಬದಲು ಮಾಡಿಸಿ.